ಆ ಚೀಟಿ ಬರೆಯುವ ಅಧಿಕಾರ ನನಗಿಲ್ಲ

ಶವಾಗಾರದ ಬಾಗಿಲಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಒಂದೇ: ‘ಡಾಕ್ಟರೇ, ಆಸ್ಪತ್ರೆಯಲ್ಲೇ ತೀರಿಕೊಂಡರಲ್ಲ, ಮತ್ತೇಕೆ ಪೋಸ್ಟ್‌ಮಾರ್ಟಂ? ಬೇಡವೆಂದು ನೀವೇ ಒಂದು ಚೀಟಿ ಬರೆದುಕೊಡಿ.’

ಅಪಘಾತ, ವಿಷ, ಪೆಟ್ಟು, ಬಂಧನದಲ್ಲಿದ್ದಾಗ ಆದ ಸಾವು, ಕಾರಣವೇ ತಿಳಿಯದ ಸಾವು ಇವುಗಳಲ್ಲಿ ತೀರ್ಮಾನ ಕಾನೂನಿನದು. ಪೊಲೀಸರೋ ಮ್ಯಾಜಿಸ್ಟ್ರೇಟರೋ ಸಾವಿನ ಕಾರಣ ವಿಚಾರಿಸುವ ಕರೋನರ್ ಎಂಬ ಅಧಿಕಾರಿಯೋ, ಅದು ಆಯಾ ದೇಶದ ವ್ಯವಸ್ಥೆ. ಅಲ್ಲಿ ಸಾಮಾನ್ಯವಾಗಿ ಮನೆಯವರ ಒಪ್ಪಿಗೆ ಬೇಕಿಲ್ಲ, ನನ್ನದಂತೂ ಬೇಕೇ ಇಲ್ಲ. ಕಾಯಿಲೆಯಿಂದಲೇ ಸತ್ತವರ ಮಾತು ಬೇರೆ. ರೋಗವನ್ನು ಅರಿಯಲು ವೈದ್ಯರು ಪರೀಕ್ಷೆಗೆ ಕೇಳಿದರೆ ಮನೆಯವರು ಒಲ್ಲೆ ಎನ್ನಬಹುದು, ಎದೆಯನ್ನಷ್ಟೇ ನೋಡಿ ಎಂದು ಮಿತಿಯನ್ನೂ ಹಾಕಬಹುದು.

ಜನ ಎಡವುವುದು ‘ಆಸ್ಪತ್ರೆಯಲ್ಲೇ’ ಎಂಬಲ್ಲಿ. ಪ್ರಾಣ ಎಲ್ಲಿ ಹೋಯಿತು ಎಂಬುದು ಮುಖ್ಯವಲ್ಲ, ಸಾವಿಗೆ ಮೂಲವಾದದ್ದು ಯಾವುದು ಎಂಬುದು ಮುಖ್ಯ. ಪೆಟ್ಟು ಬಿದ್ದು ತಿಂಗಳಾಗಿರಲಿ, ನಡುವೆ ಹತ್ತು ವೈದ್ಯರು ನೋಡಿರಲಿ, ಸಾವು ಆ ಪೆಟ್ಟಿನದಾಗಿದ್ದರೆ ಅದು ಸಹಜ ಸಾವಲ್ಲ.

ಒಬ್ಬ ವೃದ್ಧೆ ಬಚ್ಚಲಲ್ಲಿ ಜಾರಿದ್ದರು. ಹಣೆಯ ಮೇಲೆ ಸಣ್ಣ ಬುಗುಟು, ಅಷ್ಟೆ. ಮೂರು ವಾರ ಓಡಾಡಿಕೊಂಡಿದ್ದವರಿಗೆ ಮಂಪರು ಕವಿಯಿತು. ಆಸ್ಪತ್ರೆ ಸೇರಿದ ಎರಡನೆಯ ದಿನ ತೀರಿಕೊಂಡರು. ‘ವಯಸ್ಸಾಗಿತ್ತು, ಬಿದ್ದದ್ದು ಹಳೆಯ ಮಾತು’ ಎಂದು ಮಗ ನನ್ನ ಮೇಲೆ ರೇಗಿದರು. ತಲೆಬುರುಡೆ ತೆರೆದಾಗ ಮಿದುಳಿನ ಹೊರಪೊರೆಯ ಕೆಳಗೆ ಹಳೆಯ ಎಂಜಿನ್ ಎಣ್ಣೆಯಂಥ ಕಪ್ಪು ರಕ್ತ ನಿಂತಿತ್ತು. ಅದರ ಒತ್ತಡಕ್ಕೆ ಮಿದುಳಿನ ಒಂದು ಬದಿ ಚಪ್ಪಟೆಯಾಗಿತ್ತು. ಮುಪ್ಪಿನಲ್ಲಿ ಮಿದುಳು ಕುಗ್ಗುತ್ತದೆ, ಅದಕ್ಕೂ ಪೊರೆಗೂ ನಡುವಿನ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದಂತಿರುತ್ತವೆ. ಸಣ್ಣ ಪೆಟ್ಟಿಗೂ ಹರಿದು, ವಾರಗಟ್ಟಲೆ ಜಿನುಗಬಹುದು.

‘ಅವತ್ತೇ ಕರೆತಂದಿದ್ದರೆ ಉಳಿಯುತ್ತಿದ್ದರೇ?’ ಎಂದು ಮಗ ಕೇಳಿದರು. ಖಚಿತವಾಗಿ ಹೇಳಲಾರೆ ಎಂದೆ. ಬಿದ್ದ ದಿನ ಸ್ಕ್ಯಾನ್ ಮಾಡಿದ್ದರೂ ಏನೂ ಕಾಣದೆ ಹೋಗಬಹುದಿತ್ತು. ಅದನ್ನು ಎರಡು ಸಲ ಹೇಳಿದೆ, ಏಕೆಂದರೆ ಮೊದಲ ಸಲ ಅವರಿಗೆ ಕೇಳಿಸಲಿಲ್ಲ.

ರೇಗಾಟದ ಹಿಂದಿದ್ದ ಭಯವನ್ನು ಅವರು ಆಮೇಲೆ ಹೇಳಿದರು: ತಾಯಿಯ ಮುಖ ಕೊಯ್ದಿರುತ್ತೇವೆ ಎಂದುಕೊಂಡಿದ್ದರಂತೆ. ಸಾಮಾನ್ಯವಾಗಿ ಮುಖಕ್ಕೆ ಕತ್ತಿ ತಾಗುವುದಿಲ್ಲ. ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಕ್ಕೆ ನೆತ್ತಿಯ ಮೇಲೆ ಕೊಯ್ದು, ಮುಗಿದ ಮೇಲೆ ಹೊಲಿಯುತ್ತೇವೆ. ಆಕೆಯ ಹೊಲಿಗೆ ಕೂದಲಲ್ಲಿ ಮುಚ್ಚಿಹೋಗುವಂತೆ ಸಹಾಯಕರು ತಲೆ ಬಾಚಿ ಕಳುಹಿಸಿದ್ದರು.