ಮೆದುಳಿನ ಸ್ಟೆಂಟ್: ಇಲ್ಲಿ ಯಾವ ‘ಬ್ಲಾಕ್’ ಕೂಡ ಇಲ್ಲ

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತಗಳು ದಿನವೂ ಸುದ್ದಿಯಾದ ಮೇಲೆ ಜಿಲ್ಲೆಯಲ್ಲಿ ‘ಸ್ಟಂಟ್’ ಎನ್ನದವರಿಲ್ಲ. ಸ್ಟಂಟ್ ಸಿನಿಮಾದವರು ಮಾಡುವುದು, ಇದು ಸ್ಟೆಂಟ್, ರಕ್ತನಾಳದೊಳಗೆ ಕೂರಿಸುವ ಜಾಲರಿ ಕೊಳವೆ. ಉಚ್ಚಾರಣೆ ಹಾಳಾಗಿ ಹೋಗಲಿ. ಮೆದುಳಿನ ಅನ್ಯೂರಿಸಂಗೆ, ಅಂದರೆ ರಕ್ತನಾಳದ ಉಬ್ಬಿಗೆ, ಚಿಕಿತ್ಸೆ ಮುಗಿಸಿ ಬಂದವರನ್ನು ತೋರಿಸಿ ‘ತಲೇಲಿ ಬ್ಲಾಕ್ ಇತ್ತಂತೆ, ಸ್ಟಂಟ್ ಹಾಕಿ ಬಿಡಿಸಿದ್ರಂತೆ’ ಎನ್ನುವುದು ಮಾತ್ರ ಪೂರಾ ತಲೆಕೆಳಗು.

ಚಾರ್ಲ್ಸ್ ಸ್ಟೆಂಟ್ ಲಂಡನ್ನಿನ ದಂತವೈದ್ಯ. ಹಲ್ಲಿನ ಅಚ್ಚು ತೆಗೆಯುವ ಗಟಾಪರ್ಚ ಎಂಬ ಮರದ ಅಂಟಿಗೆ ಸ್ಟಿಯರಿನ್ ಎಂಬ ಕೊಬ್ಬಿನ ಪದಾರ್ಥ ಬೆರೆಸಿ 1856ರಲ್ಲಿ ಅದನ್ನು ಸುಧಾರಿಸಿದ. ಮೊದಲ ಮಹಾಯುದ್ಧದ ಹೊತ್ತಿಗೆ ಡಚ್ ಶಸ್ತ್ರವೈದ್ಯ ಎಸ್ಸರ್, ಕಸಿ ಮಾಡಿದ ಚರ್ಮ ಅಲುಗದಂತೆ ಒತ್ತಿ ಹಿಡಿಯಲು ಅದೇ ವಸ್ತುವನ್ನು ಬಳಸಿದ. ರಕ್ತನಾಳಕ್ಕೆ ಈ ಹೆಸರು ಬಂದದ್ದು ಆಮೇಲೆ. ಅಂದರೆ ಮೂಲಾರ್ಥ ಆಸರೆ. ‘ಬ್ಲಾಕ್ ಬಿಡಿಸುವುದು’ ಅದರಲ್ಲಿ ಎಲ್ಲೂ ಇಲ್ಲ. ಹಾಗೆ ನೋಡಿದರೆ ಹೃದಯದ ಸ್ಟೆಂಟಿಗಿಂತ ಮೆದುಳಿನದೇ ಹಳೆಯ ಅರ್ಥಕ್ಕೆ ಹತ್ತಿರ.

ಅನ್ಯೂರಿಸಂನಲ್ಲಿ ನಾಳ ಕಟ್ಟಿರುವುದಿಲ್ಲ. ಅದರ ಗೋಡೆ ಸೋತು ಹೊರಕ್ಕೆ ಉಬ್ಬಿರುತ್ತದೆ. ಆ ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ, ಅಂದರೆ ಕಾಯಿಲ್, ತುಂಬಿದರೆ ಒಳಗಿನ ರಕ್ತ ಹೆಪ್ಪುಗಟ್ಟಿ, ಉಬ್ಬು ಒಡೆಯುವ ಭಯ ತಗ್ಗುತ್ತದೆ. ಉಬ್ಬು ಕುಡಿಕೆಯಂತೆ ಕಿರಿಬಾಯಿಯದಾದರೆ ಕಾಯಿಲ್ ಒಳಗೇ ನಿಲ್ಲುತ್ತದೆ. ಉಬ್ಬಿನ ಕತ್ತು, ಅಂದರೆ ಅದು ನಾಳಕ್ಕೆ ತೆರೆಯುವ ಬಾಯಿ, 4 ಮಿ.ಮೀ. ಅಥವಾ ಹೆಚ್ಚಿದ್ದರೆ, ಇಲ್ಲವೇ ಉಬ್ಬಿನ ಅಗಲ ಕತ್ತಿನ ಎರಡರಷ್ಟೂ ಇಲ್ಲದಿದ್ದರೆ, ಸುರುಳಿ ಜಾರಿ ನಾಳಕ್ಕೆ ಬೀಳಬಹುದು. ಆಗ ಅದೇ ಒಂದು ಬ್ಲಾಕ್ ಆಗಿ ಪಾರ್ಶ್ವವಾಯು ಬರಬಹುದು. ಅದನ್ನು ತಡೆಯಲು ಕತ್ತಿಗೆ ಅಡ್ಡಲಾಗಿ ನಿಲ್ಲಿಸುವ ಜಾಲರಿಯೇ ಈ ಸ್ಟೆಂಟ್. (ಮೆದುಳಿನ ಕಿರಿದಾದ ನಾಳ ಹಿಗ್ಗಿಸಲು ಸ್ಟೆಂಟ್ ಹಾಕುವುದೂ ಉಂಟು, ಆದರೆ ಆ ಕಾಯಿಲೆಯೇ ಬೇರೆ.)

ತಲೆಬುರುಡೆ ತೆರೆಯುವುದಿಲ್ಲ. ತೊಡೆಸಂದಿಯ ಅಥವಾ ಮಣಿಕಟ್ಟಿನ ಧಮನಿಯಿಂದ ಕ್ಯಾಥೆಟರ್ ಎಂಬ ಸಪೂರ ಕೊಳವೆ ಏರಿಸುತ್ತಾರೆ. ಸಾಮಾನ್ಯವಾಗಿ ಕಾಯಿಲ್ ಹಾಕುವ ಸಣ್ಣ ಕ್ಯಾಥೆಟರ್ ಮೊದಲೇ ಉಬ್ಬಿನೊಳಗೆ ಸೇರಿಸಿ, ಆಮೇಲೆ ಸ್ಟೆಂಟ್ ಬಿಚ್ಚುತ್ತಾರೆ. ಕ್ಯಾಥೆಟರ್ ಜಾಲರಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುವುದರಿಂದ ತುಂಬುವಾಗ ಹೊರಗೆ ಜಾರದು. ಹೃದಯದಲ್ಲಿ ಸಾಮಾನ್ಯವಾಗಿ ಬಲೂನ್ ಉಬ್ಬಿಸಿ ಸ್ಟೆಂಟನ್ನು ಗೋಡೆಗೆ ಒತ್ತುತ್ತಾರೆ. ಇಲ್ಲಿ ಹೆಚ್ಚಾಗಿ ನಿಟಿನಾಲ್ ಎಂಬ ಮಿಶ್ರಲೋಹದ ಜಾಲರಿ, ಹೊರಬಂದೊಡನೆ ತಾನೇ ಅರಳುತ್ತದೆ.

ನಾಳದಲ್ಲಿ ಲೋಹ ಕೂತ ಮೇಲೆ ಅದರ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಇದ್ದೇ ಇರುತ್ತದೆ. ಅದಕ್ಕೇ ಕೆಲವು ದಿನ ಮೊದಲೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಶುರು. ಕ್ಲೋಪಿಡೋಗ್ರೆಲ್ ಕೆಲವರ ಮೇಲೆ ಕೆಲಸ ಮಾಡದು, ರಕ್ತಪರೀಕ್ಷೆಯಲ್ಲಿ ತಿಳಿದರೆ ಮಾತ್ರೆ ಬದಲಾಗುತ್ತದೆ. ಉಬ್ಬು ಆಗಲೇ ಒಡೆದು ಬಂದವರಲ್ಲಿ ಇವೇ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಲ್ಲವು. ಒಡೆದ ಉಬ್ಬಿಗೆ ಸ್ಟೆಂಟ್ ಎಂದರೆ ವೈದ್ಯರು ಎರಡು ಸಲ ಯೋಚಿಸುವುದು ಅದಕ್ಕೇ. ‘ಹಾಕಿಬಿಡಿ ಡಾಕ್ಟ್ರೇ’ ಎಂದು ಹಟ ಹಿಡಿದು ಪ್ರಯೋಜನವಿಲ್ಲ.

ಮನೆಗೆ ಬಂದ ಮೇಲೆ ಹಲ್ಲು ಕೀಳಿಸುವಾಗ ಕೆಲಸ ಕೆಡುವುದುಂಟು. ರಕ್ತ ನಿಲ್ಲುವುದಿಲ್ಲ ಎಂದು ಯಾರೋ ಹೇಳಿದರೆಂದು ಎರಡೂ ಮಾತ್ರೆ ನಿಲ್ಲಿಸಿ ಕೂರುತ್ತಾರೆ. ಸ್ಟೆಂಟ್ ಹಾಕಿದ ವೈದ್ಯರನ್ನು ಕೇಳದೆ ಒಂದು ಡೋಸೂ ಬಿಡಬಾರದು. ಎಂಆರ್‌ಐ ಮಾಡಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ಆಸ್ಪತ್ರೆ ಕೊಟ್ಟ, ಸ್ಟೆಂಟಿನ ವಿವರವಿರುವ ಇಂಪ್ಲಾಂಟ್ ಕಾರ್ಡನ್ನು ಸ್ಕ್ಯಾನಿಂಗ್ ಸೆಂಟರಿನವರಿಗೆ ಮೊದಲೇ ತೋರಿಸಬೇಕು.