ಬ್ರೇಕ್ ಆಯಿಲ್ ಕಡಿಮೆಯಾದರೆ ತುಂಬಿಸಿ ಸುಮ್ಮನಾಗಬೇಡಿ, ಎಲ್ಲಿ ಹೋಯಿತು ಅಂತ ನೋಡಿ

ಕಾಸರಗೋಡಿನ ಒಳನಾಡಿಗೆ, ಅಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಗೆ ಹೋದರೆ ಅಡಿಕೆ ತೋಟದ ಮನೆಗಳ ಶೆಡ್ಡಿನಲ್ಲಿ ಈಗಲೂ ಒಂದು ಅಂಬಾಸಿಡರೋ ಪದ್ಮಿನಿಯೋ ಹಳೆಯ ಜೀಪೋ ನಿಂತಿರುತ್ತದೆ. ಅಪ್ಪನ ಕಾಲದ್ದು. ಮಾರಲು ಮನಸ್ಸಿಲ್ಲ, ಓಡಿಸುವುದೂ ಅಪರೂಪ. ಗ್ಯಾರೇಜಿಗೆ ತಂದಾಗ ಯಜಮಾನರು ಬೇರೆಲ್ಲ ದೂರು ಹೇಳಿ ಮುಗಿಸಿ, ಹೊರಡುವ ಹೊತ್ತಿಗೆ ಹೇಳುವ ಮಾತೊಂದುಂಟು: "ಸ್ವಲ್ಪ ಬ್ರೇಕ್ ಆಯಿಲ್ ಕುಡೀತದೆ ಮಾರಾಯ್ರೇ. ಬಾಟಲಿ ಡಿಕ್ಕಿಯಲ್ಲೇ ಉಂಟು. ಆಗಾಗ ಹಾಕಿದ್ರೆ ಸಾಕಲ್ವಾ?"

ಸಾಲದು. ಎಂಜಿನ್ ಆಯಿಲ್ ಸ್ವಲ್ಪ ಸುಟ್ಟುಹೋಗಬಹುದು, ರೇಡಿಯೇಟರ್ ನೀರು ಆವಿಯಾಗಬಹುದು. ಬ್ರೇಕ್ ಆಯಿಲ್‌ಗೆ ಹಾಗೆ ಹೋಗಲು ದಾರಿಯೇ ಇಲ್ಲ. ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಲೈನಿಂಗ್ ಸವೆದ ಹಾಗೆ ಮಟ್ಟ ಒಂಚೂರು ಇಳಿದೀತು, ಅಷ್ಟೇ. ಅದಕ್ಕಿಂತ ಜಾಸ್ತಿ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಈಗಿನ ಕಾರುಗಳಲ್ಲಿ ಬ್ರೇಕ್ ಲೈನನ್ನು ಎರಡು ಭಾಗ ಮಾಡಿರುತ್ತಾರೆ, ಒಂದು ಕೈಕೊಟ್ಟರೂ ಇನ್ನೊಂದು ಅಷ್ಟಿಷ್ಟು ಹಿಡಿಯುತ್ತದೆ. ಹಳೆಯ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಒಂದೇ ಲೈನು. ಹಿಂದಿನ ಒಂದು ಚಕ್ರದಲ್ಲಿ ಬೆರಳಿನಗಲದ ಕಪ್, ಅಂದರೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಿಲ್ಲೆ, ಹರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು, ಆಮೇಲೆ ಹ್ಯಾಂಡ್‌ಬ್ರೇಕ್ ಮತ್ತು ದೇವರು.

ಹುಡುಕುವುದು ಹೇಗೆ ಅಂತ ಹೇಳುವ ಮೊದಲು ನಮ್ಮೂರಿನ ಒಂದು ತೊಂದರೆ ಹೇಳಬೇಕು. ಬ್ರೇಕ್ ಆಯಿಲ್ ನೀರಿನಲ್ಲಿ ಕರಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಾಗ ಇದು, ಆಟಿ ತಿಂಗಳ (ಆಷಾಢದ) ಮಳೆಯಲ್ಲಿ ಒಂದು ಸುತ್ತು ಹೋಗಿ ಬಂದರೆ ಸೋರಿದ ಗುರುತೆಲ್ಲ ತೊಳೆದುಹೋಗಿರುತ್ತದೆ. ನೆಲದಲ್ಲಿ ಕಲೆ ಕಾಣುವುದಿಲ್ಲ, ಟಯರಿನಲ್ಲೂ ಕಾಣುವುದಿಲ್ಲ, ಯಜಮಾನರು "ಸೋರುದಿಲ್ಲ, ನಾನು ನೋಡಿದ್ದೇನೆ" ಅಂತಾರೆ. ಅದಕ್ಕೇ ಗಾಡಿಯನ್ನು ಒಣ ಜಾಗದಲ್ಲಿ ನಿಲ್ಲಿಸಿ, ನಾಲ್ಕು ಚಕ್ರದ ಒಳಬದಿಗೂ ಪೆಡಲಿನ ಕೆಳಗೂ ರಟ್ಟು ಹಾಸಿ, ಪೆಡಲನ್ನು ಹತ್ತಿಪ್ಪತ್ತು ಸಲ ಜೋರಾಗಿ ಒತ್ತಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ರಟ್ಟು ಹೇಳುತ್ತದೆ.

ರಟ್ಟಿನಲ್ಲಿ ಕಲೆ ಬಿದ್ದರೂ ಅದು ಬ್ರೇಕ್ ಆಯಿಲ್ ಅಂತ ಕೂಡಲೇ ತೀರ್ಮಾನಿಸಬೇಡಿ. ಹಿಂದಿನ ಚಕ್ರದಲ್ಲಿ ಆಕ್ಸಲ್ ಸೀಲ್ ಹೋದರೆ ಗೇರ್ ಆಯಿಲ್ ಡ್ರಮ್ಮಿನೊಳಗೆ ಬರುತ್ತದೆ, ಮುಂದೆ ಬೇರಿಂಗಿನ ಗ್ರೀಸ್ ಕರಗಿ ಇಳಿಯುತ್ತದೆ, ನೋಡಲು ಎಲ್ಲ ಒಂದೇ ತರಹದ ಕಪ್ಪು ಕೊಳೆ. ಬೆರಳಿಗೆ ಒಂದು ಹನಿ ತೆಗೆದು ಬಟ್ಟಲಿನ ನೀರಿಗೆ ಬಿಡಿ. ಕಾಮನಬಿಲ್ಲಿನ ಬಣ್ಣದಲ್ಲಿ ಹರಡಿ ತೇಲಿದರೆ ಎಣ್ಣೆ ಅಥವಾ ಗ್ರೀಸು. ಕರಗಿ ಕಾಣದಾದರೆ ಬ್ರೇಕ್ ಆಯಿಲ್. ಗೇರ್ ಆಯಿಲ್ ಆದರೆ ಗಂಧಕದ ವಾಸನೆಯೇ ಹೇಳಿಬಿಡುತ್ತದೆ. ಇನ್ನೊಂದು ಗುರುತು ಪೇಂಟು. ಬ್ರೇಕ್ ಆಯಿಲ್ ಬಿದ್ದಲ್ಲಿ ಪೇಂಟು ಗುಳ್ಳೆಯೆದ್ದು ಸಿಪ್ಪೆ ಬಿಡುತ್ತದೆ. ಚಕ್ರದ ಹಿಂದಿನ ತಗಡಿನ ಕೆಳ ಅಂಚಿನಲ್ಲಿ ಹಾಗೆ ಪೇಂಟು ಎದ್ದಿದ್ದರೆ ಡ್ರಮ್ ಬಿಚ್ಚುವ ಮೊದಲೇ ಗೊತ್ತಾಗುತ್ತದೆ.

ಪೆಡಲೂ ಮಾತಾಡುತ್ತದೆ. ಒತ್ತಿ ಹಿಡಿದಾಗ ಮೆಲ್ಲಗೆ ನೆಲಕ್ಕಿಳಿಯುತ್ತಿದೆ, ಆದರೆ ಹೊರಗೆ ಎಲ್ಲೂ ಒದ್ದೆಯಿಲ್ಲ ಅಂದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ಲನ್ನು ಚಕ್ರಗಳಿಗೆ ತಳ್ಳುವ ಸಿಲಿಂಡರ್) ಒಳಗಿನ ಕಪ್ ಹೋಗಿದೆ, ಆಯಿಲ್ ಒಳಗೊಳಗೇ ಹಿಂದಕ್ಕೆ ಜಾರುತ್ತಿದೆ. ಆಗ ಆಯಿಲ್ ಡಬ್ಬಿಯ ಮಟ್ಟ ಇಳಿಯುವುದೇ ಇಲ್ಲ. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ಪೆಡಲಿನ ಕಡ್ಡಿಯ ಬೂಟಿನೊಳಗೆ, ಅಂದರೆ ರಬ್ಬರ್ ಮುಸುಕಿನೊಳಗೆ, ಒದ್ದೆ ಸಿಗುತ್ತದೆ. ಹಳೆಯ ಜೀಪಿನಲ್ಲಿ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿ, ನೆಲದ ಕೆಳಗೆ ಇರುತ್ತದೆ, ಕೆಸರು ಮೆತ್ತಿಕೊಂಡು ಯಾರೂ ಆ ಕಡೆ ನೋಡುವುದಿಲ್ಲ. ಎಂಜಿನ್ನಿನ ಎಳೆತದಿಂದ ಪೆಡಲ್ ಹಗುರ ಮಾಡುವ ವ್ಯಾಕ್ಯೂಮ್ ಬೂಸ್ಟರ್ ಇರುವ ಗಾಡಿಯಲ್ಲಿ ಇನ್ನೂ ಮೋಸ: ಸೋರಿದ್ದನ್ನು ಬೂಸ್ಟರ್ ಎಳೆದುಕೊಂಡು ಎಂಜಿನ್ನಿಗೆ ಕೊಡುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ, ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ ಬಿಚ್ಚಲು ಹೊರಡುತ್ತಾನೆ.

ಆದರೂ ಹೆಚ್ಚಿನ ಸಲ ಕಳ್ಳ ಸಿಗುವುದು ಚಕ್ರದ ಸಿಲಿಂಡರಿನಲ್ಲೇ, ಅಂದರೆ ಆಯಿಲ್ಲಿನ ಒತ್ತಡದಲ್ಲಿ ಲೈನಿಂಗನ್ನು ಡ್ರಮ್ಮಿಗೆ ಒತ್ತುವ ಸಣ್ಣ ಸಿಲಿಂಡರಿನಲ್ಲಿ. ಡ್ರಮ್ ಬ್ರೇಕಿನ ಅಂಬಾಸಿಡರಿಗೆ ಮುಂದಿನ ಒಂದೊಂದು ಚಕ್ರಕ್ಕೆ ಎರಡೆರಡು ಸಿಲಿಂಡರ್, ಹಾಗಾಗಿ ನೋಡಬೇಕಾದ ಜಾಗವೂ ಜಾಸ್ತಿ. ಡ್ರಮ್ ತೆಗೆದ ಕೂಡಲೇ ಗಾಳಿ ಹೊಡೆದು ಧೂಳು ಹಾರಿಸಬೇಡಿ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ಕೇಡು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಸಿಲಿಂಡರಿನ ತುದಿಯ ರಬ್ಬರ್ ಬೂಟನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲ ಎತ್ತಿ. ತೇವದ ಪಸೆ ಮಾತ್ರ ಇದ್ದರೆ ಎಚ್ಚರಿಕೆ. ಹನಿ ಉದುರಿದರೆ ಕಥೆ ಮುಗಿಯಿತು.

ಈಗ ನನ್ನ ತಕರಾರಿಗೆ ಬರುತ್ತೇನೆ. ಇಲ್ಲಿ ಎಲ್ಲರೂ ಮಾಡುವುದು ಒಂದೇ: ಹಳೆಯ ಕಪ್ ತೆಗೆದು ಹೊಸ ಕಪ್ ಹಾಕಿ, ಬೂಟ್ ಮುಚ್ಚಿ, ಏರ್ (ಲೈನಿನೊಳಗೆ ಸೇರಿದ ಗಾಳಿ) ತೆಗೆದು ಕಳಿಸುವುದು. ಖರ್ಚು ಕಡಿಮೆ, ಯಜಮಾನರಿಗೂ ಖುಷಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಚಕ್ರ ಮತ್ತೆ ಒದ್ದೆ. ಆಗ "ಕಪ್ ಡೂಪ್ಲಿಕೇಟ್" ಅಂತ ಬೈಗುಳ. ಕಪ್ಪಿನದ್ದು ಏನೂ ತಪ್ಪಿರುವುದಿಲ್ಲ. ಕೆಟ್ಟಿರುವುದು ಅದು ಓಡಾಡುವ ಲೋಹದ ಗೋಡೆ.

ಪಿಸ್ಟನ್ ಹೊರಗೆಳೆದು, ಒಳಗೋಡೆಯನ್ನು ಸ್ಪಿರಿಟ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡಿ. ಕಂದು ಉಂಗುರ ಕಾಣುತ್ತದೆ, ಕಪ್ ತಿಂಗಳುಗಟ್ಟಲೆ ಅಲ್ಲಾಡದೆ ಕೂತಿದ್ದ ಜಾಗ ಅದು. ಅದರ ಆಸುಪಾಸಿನಲ್ಲಿ, ಹೆಚ್ಚಾಗಿ ತಳಭಾಗದಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಗುಂಡಿಗಳು. ಉಗುರನ್ನು ಅದರ ಮೇಲೆ ಎಳೆಯಿರಿ. ಉಗುರು ತಡೆದರೆ ಹೊಸ ಕಪ್ಪಿನ ಅಂಚೂ ಅಲ್ಲಿ ತಡೆಯುತ್ತದೆ, ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಒಂದಿಷ್ಟು ಸವೆಯುತ್ತದೆ.

ಗುಂಡಿ ಬಿದ್ದದ್ದು ಯಾಕೆ? ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಬ್ರೇಕ್ ಆಯಿಲ್‌ನ ದರ್ಜೆಗೆ ಡಾಟ್ ಅನ್ನುತ್ತಾರೆ; ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದ ಮೇಲೆ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಘಟ್ಟ ಇಳಿಯುವವರಿಗೆ ಕುದಿಯುವ ಲೆಕ್ಕ ಮುಖ್ಯ, ಶೆಡ್ಡಿನಲ್ಲಿ ನಿಲ್ಲಿಸುವವರಿಗೆ ತುಕ್ಕಿನದ್ದು. ಹೀರಿದ ನೀರು ಎರಕದ ಕಬ್ಬಿಣದ ಸಿಲಿಂಡರನ್ನು ಒಳಗಿನಿಂದ ತಿನ್ನುತ್ತದೆ. ದಿನಾ ಓಡುವ ಟ್ಯಾಕ್ಸಿಗಿಂತ ನಿಂತೇ ಇರುವ ಗಾಡಿಯ ಬ್ರೇಕ್ ಬೇಗ ಸೋರುವುದು ಇದೇ ಕಾರಣಕ್ಕೆ.

ಗುಂಡಿ ತೀರಾ ಮೇಲುಮೇಲಿನದ್ದಾದರೆ ಹೋನಿಂಗ್ ಮಾಡಿ, ಅಂದರೆ ಒಳಗೋಡೆಯನ್ನು ಸಾಣೆಕಲ್ಲಿನಲ್ಲಿ ಉಜ್ಜಿ, ನೋಡಬಹುದು, ಹಗುರವಾಗಿ, ಬ್ರೇಕ್ ಆಯಿಲ್ಲನ್ನೇ ತಾಗಿಸಿಕೊಂಡು. ಗುಂಡಿ ಹೋಗುವವರೆಗೂ ಉಜ್ಜುತ್ತಾ ಕೂತರೆ ಸಿಲಿಂಡರಿನ ತೂತು ಅಗಲವಾಗಿ ಕಪ್ ಸಡಿಲವಾಗುತ್ತದೆ, ಅದು ಇನ್ನೂ ಅಪಾಯ. ನಾನಾದರೆ ಸಿಲಿಂಡರ್ ಬದಲಿಸುತ್ತೇನೆ. ಅಂಬಾಸಿಡರ್ ತಯಾರಿ 2014ರಲ್ಲೇ ನಿಂತರೂ ಬ್ರೇಕ್ ಸಾಮಾನು ಮಂಗಳೂರಿನ ಕಡೆ ಹುಡುಕಿದರೆ ಸಿಗುತ್ತದೆ. ಆದರೆ ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಇದ್ದ ಕಿಟ್ಟಿನ ರಬ್ಬರ್ ಗಟ್ಟಿಯಾಗಿರುತ್ತದೆ, ಕಪ್ಪನ್ನು ಬೆರಳಲ್ಲಿ ಮಡಚಿ ಬಿರುಕು ನೋಡಿಯೇ ದುಡ್ಡು ಕೊಡಿ. ಸಿಗದ ಸಿಲಿಂಡರಿಗೆ ಒಳ್ಳೆಯ ಲೇತ್ ಕೆಲಸದವರ ಹತ್ತಿರ ಸ್ಟೈನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಸ್ಲೀವ್ (ಒಳಗೆ ಕೂರಿಸುವ ಕೊಳವೆ) ಹಾಕಿಸಬಹುದು. ಖರ್ಚು ಜಾಸ್ತಿಯಾದರೂ ಆ ಗೋಡೆ ಮತ್ತೆ ಹಾಗೆ ತುಕ್ಕು ಹಿಡಿಯುವುದಿಲ್ಲ.

ಜೋಡಿಸುವಾಗ ಗ್ರೀಸು, ಡೀಸೆಲು, ಪೆಟ್ರೋಲು ಯಾವುದೂ ಹತ್ತಿರ ಬರಬಾರದು. ಈ ಕಪ್‌ಗಳಿಗೆ ಖನಿಜ ಎಣ್ಣೆ ತಾಗಿದರೆ ಉಬ್ಬುತ್ತವೆ. ತೊಳೆಯುವುದು ಸ್ಪಿರಿಟ್‌ನಲ್ಲಿ, ಜಾರಲು ಹೊಸ ಬ್ರೇಕ್ ಆಯಿಲ್, ಅಷ್ಟೇ. ಆಯಿಲ್ ಕುಡಿದ ಲೈನಿಂಗನ್ನು ಬೆಂಕಿಯಲ್ಲಿ ಸುಟ್ಟು ಎಮರಿ ಪೇಪರ್ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಮಾಡಬೇಡಿ, ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಹೊರಗೆ ಬರುತ್ತದೆ. ಬದಲಿಸುವಾಗ ಎಡ ಬಲ ಎರಡೂ ಕಡೆ ಬದಲಿಸಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ.

ಪೈಪಿನ ನಟ್‌ನಲ್ಲಿ ಸೋರಿದರೆ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವುದು ಪ್ಲಂಬಿಂಗ್ ಬುದ್ಧಿ. ಬ್ರೇಕ್ ಪೈಪಿನಲ್ಲಿ ಸೀಲ್ ಆಗುವುದು ಥ್ರೆಡ್ಡಿನಲ್ಲಲ್ಲ, ಅರಳಿಸಿದ ತುದಿಯಲ್ಲಿ. ತುದಿ ಒಡೆದಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಪೈಪ್ ಬದಲಿಸಿ, ಅದೂ ಡಬಲ್ ಫ್ಲೇರ್ ಮಾಡಿದ್ದು, ಅಂದರೆ ತುದಿಯನ್ನು ಎರಡು ಪದರ ಮಡಚಿ ಅರಳಿಸಿದ್ದು. ಬರೀ ತಾಮ್ರದ ಪೈಪ್ ಬಗ್ಗಿಸಲು ಸುಲಭ ನಿಜ, ಆದರೆ ನಡುಗಿ ನಡುಗಿ ಗಟ್ಟಿಯಾಗಿ ಬಿರುಕು ಬಿಡುತ್ತದೆ, ನಾನು ಹಾಕುವುದಿಲ್ಲ. ಕಡಲ ಕರೆಯವರು, ಕುಂಬಳೆ, ಮಂಜೇಶ್ವರದವರು, ಪೈಪ್ ಚಾಸಿಗೆ ಕ್ಲಿಪ್ ಆದ ಜಾಗವನ್ನು ಮೊದಲು ನೋಡಿ, ಉಪ್ಪುಗಾಳಿಯ ತುಕ್ಕು ಅಲ್ಲೇ ಅಡಗಿ ಕೂರುತ್ತದೆ. ರಬ್ಬರ್ ಹೋಸ್ ಮಡಚಿದಾಗ ಬಿರುಕು ಕಂಡರೆ ಎರಡನೇ ಮಾತಿಲ್ಲ, ಬದಲಿಸಿ. ತಾಮ್ರದ ವಾಷರ್ ಒಂದು ಸಲ ಬಿಚ್ಚಿದ ಮೇಲೆ ಹೊಸದೇ ಹಾಕಿ.

ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರು ಮಾಡಿ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ, ಪೂರ್ತಿ ನೆಲಕ್ಕೆ ತುಳಿಯಲು ಬಿಡಬೇಡಿ. ಮಾಸ್ಟರ್ ಸಿಲಿಂಡರ್ ಹಳೆಯದಾಗಿದ್ದರೆ ಅದರ ಕಪ್ ಎಂದೂ ಹೋಗದ ತುಕ್ಕಿನ ಜಾಗಕ್ಕೆ ನುಗ್ಗಿ ಹರಿಯುತ್ತದೆ, ಚಕ್ರದ ಸೋರಿಕೆ ಸರಿಮಾಡಿದ ದಿನವೇ ಮಾಸ್ಟರ್ ಸೋರಲು ಶುರು. ಆಯಿಲ್ ಡಾಟ್ 3 ಅಥವಾ 4, ಸೀಲ್ ಒಡೆಯದ ಹೊಸ ಬಾಟಲಿಯದ್ದು. ಡಿಕ್ಕಿಯಲ್ಲಿ ಅರ್ಧ ಉಳಿದ ಬಾಟಲಿ ಅಷ್ಟರಲ್ಲಿ ನೀರು ಕುಡಿದಿರುತ್ತದೆ, ಬಿಸಾಡಿ. ಡಾಟ್ 5 ಸಿಲಿಕಾನ್, ಇದರ ಜೊತೆ ಬೆರೆಸಬಾರದು. ಓಡಲಿ, ಓಡದಿರಲಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸಿ. ಮಳೆಗಾಲದಲ್ಲಿ ಗಾಡಿ ಹೊರಗೆ ತೆಗೆಯದಿದ್ದರೂ ವಾರಕ್ಕೊಮ್ಮೆ ಶೆಡ್ಡಿಗೆ ಹೋಗಿ ನಾಲ್ಕು ಸಲ ಪೆಡಲ್ ಒತ್ತಿ ಬನ್ನಿ, ಕಪ್ ಒಂದೇ ಜಾಗದಲ್ಲಿ ಅಂಟಿ ಕೂರುವುದಿಲ್ಲ.

ಕೆಲಸ ಮುಗಿದ ಮೇಲೆ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ, ಒಂದಿಷ್ಟೂ ಇಳಿಯಬಾರದು. ಇನ್ನೊಬ್ಬರು ಅಷ್ಟರಲ್ಲಿ ಪ್ರತಿ ನಟ್ಟಿಗೂ ಒಣ ಕಾಗದ ಒತ್ತಿ ನೋಡಲಿ. ಮನೆಯ ಅಂಗಳದಲ್ಲೇ ನಿಧಾನಕ್ಕೆ ಓಡಿಸಿ ಬ್ರೇಕ್ ಹಾಕಿ ನೋಡಿದ ಮೇಲೆಯೇ ಮುಖ್ಯ ರಸ್ತೆ. ಒಂದು ವಾರ ಬಿಟ್ಟು ಡ್ರಮ್ ತೆಗೆದು ಅದೇ ಬೂಟನ್ನು ಮತ್ತೊಮ್ಮೆ ಎತ್ತಿ ನೋಡಿ. ಒಣಗಿದ್ದರೆ ಕೆಲಸ ಸರಿಯಾಗಿದೆ.