ಬೀಗ ಹಾಕಿದ ಮನೆಯಲ್ಲಿ ದರೋಡೆ ನಡೆಯುವುದಿಲ್ಲ

‘ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದಾಗ ದರೋಡೆ’ ಎಂಬ ತಲೆಬರಹ ಈ ವಾರವೂ ಕಣ್ಣಿಗೆ ಬಿತ್ತು. ಸುದ್ದಿ ಓದಿದರೆ ಮನೆಯೊಳಗೆ ನರಪಿಳ್ಳೆಯೂ ಇರಲಿಲ್ಲ. ಹಿಂಬಾಗಿಲ ಚಿಲಕ ಮುರಿದಿದ್ದಾರೆ, ಬೀರು ಒಡೆದಿದ್ದಾರೆ, ಒಡವೆ ಹೊತ್ತೊಯ್ದಿದ್ದಾರೆ. ಇದು ಕಳವು, ಪೊಲೀಸರ ಲೆಕ್ಕದಲ್ಲಿ ಕನ್ನ ಕಳವು. ಕೋಟಿ ರೂಪಾಯಿಯ ಚಿನ್ನ ಹೋಗಿದ್ದರೂ ದರೋಡೆ ಆಗುವುದಿಲ್ಲ. ಹೋದ ಮಾಲು ಹೆಚ್ಚಾದಂತೆ ಕಳ್ಳತನಕ್ಕೆ ದರೋಡೆಯೆಂದು ಬಡ್ತಿ ಕೊಡುವುದು ಸುದ್ದಿಮನೆಯ ರೂಢಿ. ಕಳವೋ ದರೋಡೆಯೋ ಎಂದು ತೀರ್ಮಾನಿಸಲು ಕಾನೂನು ಮಾಲಿನ ಬೆಲೆ ಕೇಳುವುದಿಲ್ಲ. ಮಾಲು ಹೋಗುವಾಗ ಎದುರಿಗೆ ಯಾರಿದ್ದರು, ಅವರಿಗೆ ಏನು ಮಾಡಿದರು, ಮಾಡಿದವರು ಎಷ್ಟು ಜನ ಎಂದು ಕೇಳುತ್ತದೆ.

ಮೊದಲು ಸುಲಿಗೆ. ಕಳವು ಮಾಡುವಾಗ ಅಥವಾ ಬೆದರಿಸಿ ವಸೂಲಿ ಮಾಡುವಾಗ, ಆ ಕ್ಷಣದಲ್ಲೇ ಸಾವು, ಪೆಟ್ಟು ಅಥವಾ ಅಕ್ರಮ ತಡೆಯ ಭಯ ಹುಟ್ಟಿಸಿದರೆ ಅದು ಸುಲಿಗೆ. ‘ಆ ಕ್ಷಣದಲ್ಲೇ’ ಎಂಬುದರ ಮೇಲೆ ಎಲ್ಲವೂ ನಿಂತಿದೆ. 1860ರ ದಂಡ ಸಂಹಿತೆ ಇದಕ್ಕೆ ಕೊಟ್ಟ ದೃಷ್ಟಾಂತಗಳನ್ನು, ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 309ನೇ ಕಲಂ ಹಾಗೆಯೇ ಉಳಿಸಿಕೊಂಡಿದೆ. ಒಬ್ಬ ತನ್ನ ಮಗುವಿನೊಂದಿಗೆ ದಾರಿಯಲ್ಲಿ ಹೋಗುತ್ತಿದ್ದಾನೆ. ಎದುರಾದವನು ಮಗುವನ್ನು ಎತ್ತಿಕೊಂಡು, ಹಣದ ಚೀಲ ಕೊಡದಿದ್ದರೆ ಪ್ರಪಾತಕ್ಕೆ ಎಸೆಯುತ್ತೇನೆ ಎನ್ನುತ್ತಾನೆ. ತಂದೆ ಚೀಲ ಕೊಡುತ್ತಾನೆ. ಇದು ಸುಲಿಗೆ. ಇನ್ನೊಂದರಲ್ಲಿ, ‘ನಿನ್ನ ಮಗು ನಮ್ಮ ಗುಂಪಿನ ಕೈಯಲ್ಲಿದೆ, ಹತ್ತು ಸಾವಿರ ಕಳುಹಿಸದಿದ್ದರೆ ಕೊಲ್ಲುತ್ತೇವೆ’ ಎಂಬ ಮಾತಿಗೆ ಹೆದರಿ ತಂದೆ ಹಣ ಕೊಡುತ್ತಾನೆ. ಇದು ಬೆದರಿಸಿ ಮಾಡಿದ ವಸೂಲಿ, ಸುಲಿಗೆಯಲ್ಲ. ಮಗುವಿಗೆ ಈಗಿಂದೀಗಲೇ ಸಾವು ಬರುತ್ತದೆಂಬ ಭಯ ಹುಟ್ಟಿದ್ದರೆ ಮಾತ್ರ ಸುಲಿಗೆ. ತಂದೆಯ ಸಂಕಟದಲ್ಲಿ ಹೆಚ್ಚುಕಡಿಮೆ ಏನಿದೆ ಎಂದು ಕೇಳಬಹುದು. ಸಂಕಟ ಒಂದೇ, ಅಪರಾಧ ಎರಡು.

ಇಷ್ಟು ತಿಳಿದ ಮೇಲೆ ‘ಆನ್‌ಲೈನ್ ದರೋಡೆ’ ಎಂಬ ಪ್ರಯೋಗ ಎಷ್ಟು ಪೊಳ್ಳೆಂದು ಹೇಳಬೇಕಾಗಿಲ್ಲ. ವಿಡಿಯೊ ಕರೆಯಲ್ಲಿ ಪೊಲೀಸ್ ವೇಷ ಹಾಕಿ, ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ, ನಿವೃತ್ತ ಮೇಷ್ಟರ ಖಾತೆ ಬರಿದು ಮಾಡುವವನು ವಂಚಕ, ಬೆದರಿಸಿ ವಸೂಲಿ ಮಾಡುವವನು. ಸುಲಿಗೆಕೋರ ಎನ್ನಿಸಿಕೊಳ್ಳಲು ಭಯ ಹುಟ್ಟಿಸುವಷ್ಟು ಹತ್ತಿರದಲ್ಲಿ ಅವನು ನಿಂತಿರಬೇಕು. ಅವನು ನಿಂತಿರುವುದು ಇನ್ನಾವುದೋ ರಾಜ್ಯದಲ್ಲಿ, ಕೆಲವೊಮ್ಮೆ ಇನ್ನಾವುದೋ ದೇಶದಲ್ಲಿ.

ಈಗ ದರೋಡೆ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಸುಲಿಗೆ ಮಾಡಿದರೆ, ಮಾಡಲು ಯತ್ನಿಸಿದರೆ ದರೋಡೆ. ಸ್ಥಳದಲ್ಲಿದ್ದು ನೆರವಾದವರೂ ಎಣಿಕೆಗೆ ಸೇರುತ್ತಾರೆ. ನಾಲ್ವರಿದ್ದರೆ ಸುಲಿಗೆ, ಐವರಿದ್ದರೆ ದರೋಡೆ, ಅಷ್ಟೇ ವ್ಯತ್ಯಾಸ. ಪದದ ಹುಟ್ಟೂ ಇದಕ್ಕೆ ಒಪ್ಪುತ್ತದೆ. ದರೋಡೆ ನಮಗೆ ಬಂದದ್ದು ಮರಾಠಿಯ ‘ದರೋಡಾ’ದಿಂದ. ಮಹಾರಾಷ್ಟ್ರದ ಪೊಲೀಸರು ಇವತ್ತಿಗೂ ಐವರಿದ್ದರೆ ಮಾತ್ರ ದರೋಡಾ ಎನ್ನುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಅವರಿಗೆ ಅದು ‘ಜಬರೀ ಚೋರಿ’. ಹಿಂದಿಯಿಂದ ಬಂದ ಡಕಾಯಿತಿ ನಮ್ಮಲ್ಲಿ ಇದೇ ಅರ್ಥದಲ್ಲಿ ನಡೆಯುತ್ತದೆ. ಸುಲಿಗೆ ಮಾತ್ರ ಅಚ್ಚಗನ್ನಡ: ಸಿಪ್ಪೆ ಸುಲಿಯುವ, ತೊಗಲು ಸುಲಿಯುವ ಸುಲಿ. ಮೈಮೇಲಿದ್ದುದನ್ನು ಕಿತ್ತುಕೊಳ್ಳುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಪದ ಬೇರೆ ಭಾಷೆಗಳಲ್ಲಿದೆಯೋ ಇಲ್ಲವೋ. ಅದನ್ನು ಮೂಲೆಗೆ ತಳ್ಳಿ ಎಲ್ಲೆಂದರಲ್ಲಿ ದರೋಡೆಯನ್ನು ತುರುಕುತ್ತೇವೆ.

ಕನ್ನದ ಗತಿಯೂ ಇದೇ. ಕನ್ನ ಎಂದರೆ ಗೋಡೆಗೆ ಕೊರೆದ ತೂತು. ಈಗ ಗೋಡೆ ಕೊರೆಯಬೇಕಾಗಿಲ್ಲ, ಬೀಗ ತೆಗೆದು ಒಳಹೊಕ್ಕರೂ ಕಾನೂನಿಗೆ ಸಾಕು. ಹನ್ನೆರಡನೆಯ ಶತಮಾನದ ಶರಣ ಮಾರಿತಂದೆಯ ಹೆಸರಿನ ಹಿಂದೆಯೇ ಕನ್ನವಿದೆ. ಕತ್ತಲಲ್ಲಿ ಕನ್ನವಿಕ್ಕುವುದಿಲ್ಲ, ಮಲಗಿದವರನ್ನು ಎಬ್ಬಿಸಿ ಅವರ ಒಡವೆಯನ್ನು ಅವರಿಗೇ ತೋರಿಸುತ್ತೇನೆ ಎಂದು ಆತ ಒಂದು ವಚನದಲ್ಲಿ ಹೇಳುತ್ತಾನೆ. ಎಬ್ಬಿಸಿ ಹೆದರಿಸಿದ್ದರೆ ಸುಲಿಗೆಯಾಗುತ್ತಿತ್ತು. ಪುಣ್ಯಕ್ಕೆ ಹೆದರಿಸುವ ಮಾತು ಅಲ್ಲಿಲ್ಲ.

ದರೋಡೆ ಪದ ಸರಿಯಾಗಿ ಬಳಕೆಯಾಗುವ ತಲೆಬರಹವೂ ಒಂದಿದೆ: ‘ದರೋಡೆಗೆ ಹೊಂಚು, ಐವರ ಬಂಧನ, ಲಾಂಗು, ಖಾರದ ಪುಡಿ ವಶ’. ಇದು ಪೊಲೀಸ್ ಪ್ರಕಟಣೆಯಿಂದ ನೇರವಾಗಿ ಇಳಿದದ್ದು, ಹಾಗಾಗಿ ತಪ್ಪಿಲ್ಲ. (ಖಾರದ ಪುಡಿ ತಪ್ಪುವುದೇ ಇಲ್ಲ.) ಇಲ್ಲಿ ಯಾರ ಮನೆಗೂ ನುಗ್ಗಿಲ್ಲ, ಯಾರ ಮೈಯನ್ನೂ ಮುಟ್ಟಿಲ್ಲ. ಕಳ್ಳತನಕ್ಕೆ ಬರೀ ಸಿದ್ಧತೆ ಮಾಡಿಕೊಂಡರೆ ಸಾಮಾನ್ಯವಾಗಿ ಶಿಕ್ಷೆಯಿಲ್ಲ. ದರೋಡೆಗೆ ಸಿದ್ಧತೆಯೂ ಅಪರಾಧ, ಅದಕ್ಕಾಗಿ ಒಟ್ಟುಸೇರುವುದೂ ಅಪರಾಧ, ರೂಢಿಯಾಗಿ ದರೋಡೆ ಮಾಡುವ ಗುಂಪಿಗೆ ಸೇರಿದವನಾಗಿರುವುದೂ ಅಪರಾಧ. ಕೊನೆಯದಕ್ಕೆ ಜೀವಾವಧಿಯವರೆಗೆ ಶಿಕ್ಷೆ ಕೊಡಬಹುದು.

ಐದು ಎಂಬ ಸಂಖ್ಯೆಗೆ ಇಷ್ಟೊಂದು ಹೆದರಿಕೆ ಏಕೆ? ಕಾನೂನು ಬರೆದವರ ತಲೆಯಲ್ಲಿ ದಾರಿಹೋಕರನ್ನು ಕೊಂದು ದೋಚುವ ಥಗ್ಗರು, ಡಕಾಯಿತರು ಕುಣಿಯುತ್ತಿದ್ದರು. ಥಗ್ಗರನ್ನು ಹಿಡಿಯಲು ಬ್ರಿಟಿಷ್ ಅಧಿಕಾರಿ ಸ್ಲೀಮನ್ ಕೈಕೆಳಗೆ ಬೆಳೆದ ಇಲಾಖೆಗೆ ಮುಂದೆ ಡಕಾಯಿತಿಯೂ ಸೇರಿತು. ಜೊತೆಗೆ ಒಂದು ಸಿದ್ಧಾಂತವೂ ಗಟ್ಟಿಯಾಯಿತು: ಬಡಗಿಯ ಮಗ ಬಡಗಿಯಾಗುವಂತೆ ದರೋಡೆಗಾರನ ಮಗ ದರೋಡೆಗಾರನಾಗುತ್ತಾನೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇದರ ಫಲ. ಇಟಲಿಯ ಲೊಂಬ್ರೋಸೊ ತಲೆಬುರುಡೆ ಅಳೆದು ‘ಹುಟ್ಟು ಅಪರಾಧಿ’ಯ ಸಿದ್ಧಾಂತ ಮಂಡಿಸಿದ್ದು 1876ರಲ್ಲಿ; ನಮ್ಮಲ್ಲಿ ಬುರುಡೆ ಅಳೆಯುವ ಶ್ರಮವೂ ಬೇಕಾಗಲಿಲ್ಲ, ಜಾತಿ ಕೇಳಿದರೆ ಸಾಕಿತ್ತು. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಇವತ್ತಿಗೂ ಸೆಟ್ಲ್‌ಮೆಂಟ್ ಎಂದು ಕರೆಯುವ ಬಡಾವಣೆಗಳು ಆ ಕಾಯ್ದೆಯ ಮುಂದಿನ ರೂಪಗಳಡಿ ಜನರನ್ನು ಕೂಡಿಹಾಕಿದ ಜಾಗಗಳು. ಅಲ್ಲಿದ್ದ ಒಂದು ಸಮುದಾಯ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇಂದಿಗೂ ಗಂಟಿಚೋರ್. ಗಂಟು ಕದಿಯುವವರು ಎಂಬ ಆರೋಪವೇ ಜಾತಿಯ ಹೆಸರಾಗಿ ಕೂತಿದೆ.

ಬೀಗ ಒಡೆದ ಮನೆಗೆ ಈ ವಂಶಾವಳಿ ಬೇಡ. 1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೋಹೆನ್ ಮತ್ತು ಫೆಲ್ಸನ್ ಕೊಟ್ಟ ವಿವರಣೆ ಇಲ್ಲಿ ಸಾಕು: ಕದಿಯುವ ಮನಸ್ಸಿದ್ದವನು, ಎತ್ತಿಕೊಂಡು ಹೋಗಬಹುದಾದ ವಸ್ತು, ಕಾಯುವವರಿಲ್ಲದ ಜಾಗ ಮೂರೂ ಒಂದೇ ಹೊತ್ತಿಗೆ ಕೂಡಬೇಕು. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಹಗಲುಹೊತ್ತಿನ ಕನ್ನ ಕಳವು ಹೆಚ್ಚಿದ್ದಕ್ಕೆ ಅವರು ಕಂಡ ಕಾರಣ, ಮನೆಯವರೆಲ್ಲ ಕೆಲಸಕ್ಕೆ ಹೊರಟದ್ದು ಮತ್ತು ಮನೆಯೊಳಗಿನ ಬೆಲೆಬಾಳುವ ವಸ್ತುಗಳು ಹಗುರಾದದ್ದು. ಬೀಗ ಹಾಕಿದ ಮನೆಯ ಸುದ್ದಿಗೆ ದರೋಡೆ ಎಂದು ಹೆಸರಿಟ್ಟೊಡನೆ ಹುಡುಕಾಟ ಹಿಂಬಾಗಿಲ ಚಿಲಕವನ್ನು ಬಿಟ್ಟು ಗ್ಯಾಂಗಿನ ಕಡೆ ಹೊರಳುತ್ತದೆ. ಮರುದಿನ ‘ಹೊರರಾಜ್ಯದ ಗ್ಯಾಂಗ್ ಶಂಕೆ’ ಎಂಬ ಉಪಶೀರ್ಷಿಕೆ ಬರುತ್ತದೆ, ಊರಾಚೆ ಡೇರೆ ಹಾಕಿಕೊಂಡವರನ್ನು ಠಾಣೆಗೆ ಕರೆದೊಯ್ಯುತ್ತಾರೆ.

ಅಪರಾಧಿ ಬುಡಕಟ್ಟುಗಳ ಪಟ್ಟಿ 1952ರಲ್ಲಿ ರದ್ದಾಯಿತು. ಆ ಸಮುದಾಯಗಳವರನ್ನು ರೂಢಿಗತ ಅಪರಾಧಿಗಳೆಂದು ಕಾಣುತ್ತಿದ್ದ ಜೈಲು ಕೈಪಿಡಿಗಳ ನಿಯಮಗಳನ್ನು ಸುಪ್ರೀಂ ಕೋರ್ಟ್ ಅಸಾಂವಿಧಾನಿಕ ಎಂದದ್ದು 2024ರ ಅಕ್ಟೋಬರ್‌ನಲ್ಲಿ.